ಮಿಳತೊ ಎಂದರೆ ಸಿಗುತ್ತಾನೆ

ಸನಮಡಿಯ ಕನ್ನಡ ಶಾಲೆಗೆ ನಾನು ಬಂದದ್ದು ಅರವತ್ತೇಳರಲ್ಲಿ. ಬಂದ ವಾರದೊಳಗೇ ನನಗೆ ಸಿಟ್ಟು ಬರಿಸಿದ ಮನುಷ್ಯ ಗೊಲ್ಲಾಳಪ್ಪ. ಮಧ್ಯಾಹ್ನದ ಬಿಡುವು ಮುಗಿದು, ರೊಟ್ಟಿ ತಿಂದ ಹುಡುಗರ ಕಣ್ಣು ಎಳೆಯುತ್ತಿರುವಾಗ, ನನ್ನ ಕಣ್ಣೂ ಅವರ ಹಿಂದೆಯೇ ಹೋಗಲು ಹೊಂಚು ಹಾಕುತ್ತಿರುವಾಗ, ಅವನು ತನ್ನ ಕುರಿಗಳನ್ನು ಶಾಲೆಯ ಹಿಂದಿನ ಬೇವಿನ ನೆರಳಿಗೆ ತಂದು ನಿಲ್ಲಿಸುತ್ತಿದ್ದ. ಉದ್ದ ಕಿವಿಯ, ಗಿಳಿಮೂಗಿನ ಮಾಡಗ್ಯಾಳ ತಳಿಯ ಕುರಿಗಳು ಕಿಟಕಿಯೊಳಗೆ ಮುಖ ಹಾಕಿ ಹುಡುಗರನ್ನು ನೋಡುತ್ತಿದ್ದವು. ಹುಡುಗರು ಕುರಿಗಳನ್ನು ನೋಡುತ್ತಿದ್ದರು. ನನ್ನನ್ನು ನೋಡುವವರು ಯಾರೂ ಇರಲಿಲ್ಲ.

ಆಗ ನಾನು ಕ್ರಿಯಾಪದ ಕಲಿಸುತ್ತಿದ್ದೆ. ನನಗೆ ವ್ಯಾಕರಣದ ಹುಚ್ಚು. ವಿಜಾಪುರದ ನಮ್ಮ ಮನೆಯಲ್ಲಿ ‘ಇಂದ್ರಾಬಾಯಿಗೆ ಗಂಡು ಹುಡುಕೋದು ಬ್ಯಾಡ, ಒಂದು ಷಷ್ಠೀ ವಿಭಕ್ತಿ ಹುಡುಕಿದರ ಸಾಕು’ ಎಂದು ಆಡಿಕೊಳ್ಳುತ್ತಿದ್ದರು. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾನೆ. ಹೋಗುತ್ತೇವೆ, ಹೋಗುತ್ತೀರಿ, ಹೋಗುತ್ತಾರೆ. ಹುಡುಗರು ಇದನ್ನು ತೂಗಾಡುತ್ತ ರಾಗವಾಗಿ ಹೇಳುತ್ತಿದ್ದರೆ, ಕಿಟಕಿಯಾಚೆ ಆ ಮುದುಕನೂ ಕೋಲಿಗೆ ಗದ್ದ ಊರಿಕೊಂಡು ತೂಗಾಡುತ್ತಿದ್ದ. ಒಂದು ದಿನ ತಾಳ್ಮೆ ತಪ್ಪಿ ಹೊರಗೆ ಹೋದೆ. ಶಾಲೆಯೇನು ಕುರಿ ಕೂಡಿಸುವ ಜಾಗವೇ ಎಂದು ಜೋರಾಗಿಯೇ ಕೇಳಿದೆ.

ಅವನು ಸಿಟ್ಟಾಗಲಿಲ್ಲ. ನಿದ್ದೆಯಿಂದ ಎದ್ದವರ ಹಾಗೆ ನನ್ನನ್ನು ನೋಡಿದ.

“ನಿಮ್ಮ ಹುಡುಗೂರ ಈ ರಾಗ ಕೇಳಾಕ ಬರ್ತೀನ್ರಿ ಬಾಯಾರ. ಇಂಥಾದೊಂದು ನನಗೂ ಬರತದ.”

ಕಣ್ಣು ಮುಚ್ಚಿ, ನನ್ನ ಹುಡುಗರದೇ ಲಯದಲ್ಲಿ ಹೇಳಿದ: ಮಿಳತೊ, ಮಿಳತಾಸ, ಮಿಳತಾತ. ಮಿಳತಾಮುಸ, ಮಿಳತಾತಿಸ, ಮಿಳತಾಂತ.

ಸನಮಡಿ ಇರುವ, ಗಡಿಯಾಚೆಯ ಜತ್ತ ತಾಲೂಕಿನಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕಚೇರಿ, ಬಸ್ಸು, ಪೇಟೆ ಎಲ್ಲದಕ್ಕೂ ಅದೇ. ಹೀಗಾಗಿ ನನ್ನ ಕಿವಿಗೆ ಅದರಲ್ಲಿ ಎರಡು ಮಾತು ಥಟ್ಟನೆ ಸಿಕ್ಕವು. ಮರಾಠಿಯಲ್ಲಿ ಮಿಳತೊ ಎಂದರೆ ಸಿಗುತ್ತಾನೆ. ಮಿಳತಾತ ಎಂದರೆ ಸಿಗುತ್ತಾರೆ. ಉಳಿದ ಮಾತುಗಳು ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ. ಯಾವುದೋ ಕುರಿಗಾರರ ಹಾಡಿರಬೇಕು ಎಂದುಕೊಂಡೆ. ಮೂರು ಮತ್ತು ಮೂರು, ಒಂದೇ ಬೇರಿಗೆ ಆರು ಬಾಲ. ದಿನಾ ಅದನ್ನೇ ಕಲಿಸುವ ನನಗೆ ಅದು ಏನೆಂದು ಹೊಳೆಯಲಿಲ್ಲ ನೋಡಿ. ಕಿವಿ ತನಗೆ ಗೊತ್ತಿದ್ದದ್ದನ್ನು ಆರಿಸಿಕೊಂಡು ಸುಮ್ಮನಾಗಿಬಿಡುತ್ತದೆ.

ಇದು ಎಲ್ಲಿಯ ಮಾತು ಎಂದು ಕೇಳಿದ್ದಕ್ಕೆ ಅವನು ಹೇಳಿದ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ದೊಡ್ಡ ಲಡಾಯಿಯ ಕಾಲಕ್ಕೆ ಗೊಲ್ಲಾಳಪ್ಪ ಇಂಗ್ಲಿಷರ ದಂಡಿನಲ್ಲಿದ್ದ. ಮರಳಿನ ನಾಡಿನಲ್ಲಿ ಸೆರೆ ಸಿಕ್ಕು, ಹಡಗಿನಲ್ಲಿ ಇಟಲಿಗೆ ಹೋಗಿ, ತಂತಿ ಬೇಲಿಯೊಳಗೆ ಬಿದ್ದಿದ್ದ. ಒಂದು ದಿನ ಕಾವಲಿನವರು ತಾವೇ ಬಂದೂಕು ಬಿಸಾಕಿ ಓಡಿಹೋದರು. ಸೆರೆಯವರು ದಿಕ್ಕಿಗೊಬ್ಬರಾದರು. ಇವನು ಬೆಟ್ಟ ಹತ್ತಿದ. ಯಾಕೆಂದರೆ ಮೇಲೆ ಕುರಿಯ ಗಂಟೆ ಕೇಳಿಸಿತ್ತು.

ಅಲ್ಲಿಯ ಕುರಿಗಾರರಿಗೆ ಇವನ ಮಾತು ಬಾರದು, ಇವನಿಗೆ ಅವರದು. ಆದರೆ ಒಂದು ಕುಂಟುವ ಕುರಿಯನ್ನು ಮಗ್ಗುಲಿಗೆ ಕೆಡವಿ ಅದರ ಗೊರಸು ಕೆತ್ತಿ ಕೊಟ್ಟನಂತೆ. ಅಷ್ಟು ಸಾಕಾಯಿತು. ಚಳಿಗಾಲಕ್ಕೆ ಜರ್ಮನ್ ಸಿಪಾಯಿಗಳು ಹುಡುಕಿಕೊಂಡು ಬಂದಾಗ ಆ ಊರಿನ ಪಾದ್ರಿ ಇವನನ್ನು ಹುಲ್ಲು ಒಟ್ಟುವ ಅಟ್ಟದ ಮೇಲೆ ಬಚ್ಚಿಟ್ಟ. ಅಟ್ಟದ ಕೆಳಗಿನ ಕೋಣೆಯಲ್ಲಿ ಪಾದ್ರಿ ದಿನಾ ನಾಲ್ಕಾರು ಹುಡುಗರಿಗೆ ಪಾಠ ಹೇಳುತ್ತಿದ್ದ. ಹಲಗೆಯ ಸಂದಿಯಿಂದ ಒಲೆಯ ಕಾವು ಮೇಲೆ ಬರುತ್ತಿತ್ತು, ಅದರ ಜೊತೆಗೆ ಈ ಆರು ಮಾತು.

“ಹೊರಗ ಬರ್ಫ ಬೀಳೂದು. ಕೆಳಗ ಹುಡುಗೂರು ಅನ್ನೂದು. ನಾ ಹುಲ್ಲಿನ್ಯಾಗ ಅರ್ಧ ನಿದ್ದಿ, ಅರ್ಧ ಎಚ್ಚರ,” ಎಂದ ಗೊಲ್ಲಾಳಪ್ಪ. “ಅವರು ಅನ್ನೂತನಕ ಒಬ್ಬ ಸಿಪಾಯಿನೂ ಬರಲಿಲ್ರಿ.”

ಅದು ಆ ಪಾದ್ರಿಯ ದೇವರ ಮಂತ್ರ, ಹೇಳಿದವರನ್ನು ಕಾಯುತ್ತದೆ ಎಂದು ಅವನು ನಂಬಿದ್ದ. ಕುರಿ ಈಯುವಾಗ ಹೇಳುತ್ತಿದ್ದ, ಮರಿಗೆ ಔಷಧ ಕುಡಿಸುವಾಗ ಹೇಳುತ್ತಿದ್ದ. ಊರವರೂ ನಂಬಿದ್ದರು. ಸೂಲಗಿತ್ತಿಯ ಜೊತೆಗೆ ಗೊಲ್ಲಾಳಪ್ಪನನ್ನೂ ಕರೆದು ಬಾಗಿಲಲ್ಲಿ ಕೂರಿಸಿದ ಮನೆಗಳಿದ್ದವು.

ಆದರೆ ಆ ಕಥೆಗೆ ಈ ಕಡೆಯದೂ ಒಂದು ಮಗ್ಗುಲಿತ್ತು. ಅವನು ಹುಲ್ಲಿನಲ್ಲಿ ಮಲಗಿದ್ದಾಗ ಸನಮಡಿಗೆ ತಾರು ಬಂದಿತ್ತು, ಪತ್ತೆಯಿಲ್ಲ ಎಂದು. ಮತ್ತೆ ಸುದ್ದಿ ಇಲ್ಲದಾಗಿ ಹಿರಿಯರು ಕೂಡಿ, ಅಳುತ್ತಲೇ, ಅವನ ಹೆಂಡತಿ ಮಲಕವ್ವನ ಬಳೆ ಒಡೆಸಿದರು. ಲಡಾಯಿ ಮುಗಿದ ವರ್ಷ ಒಂದು ಮಧ್ಯಾಹ್ನ ಗೊಲ್ಲಾಳಪ್ಪ ನಡೆದುಕೊಂಡು ಊರಿಗೆ ಬಂದ. ಬಾವಿಯ ಹತ್ತಿರ ನಿಂತಿದ್ದ ಮಲಕವ್ವ ಅವನನ್ನು ನೋಡಿ ಮೊದಲು ಮಾಡಿದ ಕೆಲಸ ತನ್ನ ಬೋಳು ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದು. ಹಿರಿಯರು ಮತ್ತೆ ತಾಳಿ ಕಟ್ಟಿಸಿದರು, ಮತ್ತೆ ಬಳೆ ಇಡಿಸಿದರು. ಆದರೂ ಬದುಕಿದ ಗಂಡನಿಗೆ ವಿಧವೆಯಾದವಳು ಎಂಬ ಮಾತು ಅವಳಿಂದ ಹೋಗಲಿಲ್ಲ. ಸಾಯುವಾಗ ಗಂಡನಿಂದ ಒಂದು ಭಾಷೆ ತೆಗೆದುಕೊಂಡಳು: ನನ್ನ ಸೊಸೆಯ ಕೈ ಬೋಳು ಮಾಡಬಾರದು.

ಆ ಹೊತ್ತಿಗೆ ಅವರ ಮಗ ಭೀಮರಾಯನೂ ದಂಡಿಗೆ ಹೋಗಿ, ಅರವತ್ತೈದರ ಲಡಾಯಿಯಲ್ಲಿ ಪತ್ತೆಯಿಲ್ಲದವನಾಗಿದ್ದ. ಅವನು ಮತ್ತು ಹಾಲವ್ವ ಗಂಡಹೆಂಡತಿಯಾಗಿ ಒಂದು ಸುಗ್ಗಿ ಕೂಡ ಪೂರ್ತಿ ಕಂಡಿರಲಿಲ್ಲ. ಹೊರಡುವ ದಿನ ಅಪ್ಪ ಮಗನಿಗೆ ಆ ಆರು ಮಾತನ್ನು ಬಾಯಿಪಾಠ ಮಾಡಿಸಿದ್ದ. ಒಲೆಯ ಮುಂದೆ ಕೂತಿದ್ದ ಹಾಲವ್ವನಿಗೆ ಅದು ಕೇಳುತ್ತ ಕೇಳುತ್ತ ಬಂದುಬಿಟ್ಟಿತ್ತು. ಅವಳ ಕಿವಿಯೂ ನನ್ನ ಕಿವಿಯಂಥದೇ. ಮಿಳತೊ, ಸಿಗುತ್ತಾನೆ. ಮಿಳತಾತ, ಸಿಗುತ್ತಾರೆ. ದೇವರು ಮರಾಠಿಯಲ್ಲಿ ಮಾತಾಡಿದ್ದು ಅವಳಿಗೆ ವಿಚಿತ್ರ ಅನ್ನಿಸಲಿಲ್ಲ. ಸರಕಾರ, ಪೋಸ್ಟು, ದಂಡು ಎಲ್ಲವೂ ಅವಳೊಂದಿಗೆ ಮರಾಠಿಯಲ್ಲೇ ಮಾತಾಡಿದ್ದವು.

ಆ ಮನೆಯಲ್ಲಿ ಭೂತಕಾಲಕ್ಕೆ ಜಾಗ ಇರಲಿಲ್ಲ. ನನಗೆ ಇಂಥದು ಬೇಗ ಕೇಳಿಸುತ್ತದೆ. ಭೀಮರಾಯನಿಗೆ ಬದನೆಕಾಯಿ ಅಂದರೆ ಜೀವ ಅದ. ಭೀಮರಾಯ ಸಿಟ್ಟಿನವ ಅದಾನ, ಆದರ ಮನಸಿನ್ಯಾಗ ಇಟ್ಟುಕೊಳ್ಳೂದಿಲ್ಲ. ಎಲ್ಲವೂ ವರ್ತಮಾನ. ಒಮ್ಮೆ ಉಮದಿಯಿಂದ ಬಂದ ಬೀಗನೊಬ್ಬ ಮಾತಿನ ಭರದಲ್ಲಿ ‘ಇದ್ದ’ ಅಂದುಬಿಟ್ಟ. ಗೊಲ್ಲಾಳಪ್ಪ ಅವನ ಮುಂದಿನ ಚಹಾದ ಬಸಿಯನ್ನು ಎತ್ತಿಕೊಂಡು ಒಳಗೆ ಹೋದ. ಚಹಾ ಇನ್ನೂ ಅರ್ಧ ಇತ್ತು.

ಮುದುಕನ ಮೊಳಕಾಲು ಕೈಕೊಟ್ಟ ಮೇಲೆ ಕುರಿ ಕಾಯುವುದು ಹಾಲವ್ವನ ಪಾಲಿಗೆ ಬಂತು. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಬೇವಿನ ಬುಡದಲ್ಲಿ ಕೂರುತ್ತಿದ್ದೆವು. ಬಿಸಿಲು ಇಳಿಯದ ಹೊತ್ತು. ಕುರಿಗಳು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ಇಟ್ಟು ನಿಂತು ಉಸಿರಾಡುತ್ತಿದ್ದವು. ದೂರದ ಎರೆಹೊಲದ ಮೇಲೆ ಗಾಳಿ ನೀರಿನ ಹಾಗೆ ಹರಿಯುತ್ತಿತ್ತು. ಹಾಲವ್ವ ತನ್ನ ಕನಸು ಹೇಳುತ್ತಿದ್ದಳು.

ಅವಳ ಕನಸಿನಲ್ಲಿ ಭೀಮರಾಯ ಕುರಿಗಳ ನಡುವೆ ಬರುತ್ತಿದ್ದ. ಯಾವುದು ಅವನು, ಯಾವುದು ಕುರಿ ಗೊತ್ತಾಗುತ್ತಿರಲಿಲ್ಲ. ಅವಳು ಒಂದೊಂದರ ಮುಖ ಮುಟ್ಟಿ ನೋಡುತ್ತ ಹೋಗಬೇಕು. ಮುಟ್ಟಿ ಮುಟ್ಟಿ ಕೈ ಸೋತ ಮೇಲೆ ಒಂದು ಮುಖ ನುಣ್ಣಗೆ, ಬೆಚ್ಚಗೆ ಸಿಗುತ್ತಿತ್ತು. ಅದು ‘ಮಿಳತೊ’ ಎನ್ನುತ್ತಿತ್ತು. ಇನ್ನು ಕೆಲವು ಸಲ ಅವಳು ತಾನೆಂದೂ ನೋಡದ ಆ ಅಟ್ಟದ ಮೇಲೆ ಇರುತ್ತಿದ್ದಳು. ಮಾವನ ಜಾಗದಲ್ಲಿ ಗಂಡ ಮಲಗಿರುತ್ತಿದ್ದ. ಹೊರಗೆ ಬರ್ಫ ಬೀಳುತ್ತಿರುತ್ತಿತ್ತು. ಹಾಲವ್ವ ಬರ್ಫ ಕಂಡವಳಲ್ಲ, ಹಾಗಾಗಿ ಅವಳ ಕನಸಿನಲ್ಲಿ ಬೀಳುತ್ತಿದ್ದದ್ದು ಹಿಂಜಿದ ಬಿಳಿ ಉಣ್ಣೆ. ಅಟ್ಟದ ಮೇಲೆ, ಬೆಟ್ಟದ ಮೇಲೆ, ಗಂಡನ ರೆಪ್ಪೆಯ ಮೇಲೆ ಸದ್ದಿಲ್ಲದೆ ಬೀಳುತ್ತಿತ್ತು.

“ಬರ್ಫ ಬೆಚ್ಚಗಿರತದ ನೋಡ್ರಿ ಬಾಯಾರ,” ಎನ್ನುತ್ತಿದ್ದಳು.

ನಾನು ತಿದ್ದುತ್ತಿರಲಿಲ್ಲ. ಹುಡುಗರ ಒಂದು ಒತ್ತಕ್ಷರ ತಪ್ಪಿದರೆ ಬೆತ್ತ ಹಿಡಿಯುವವಳು ನಾನು. ದಿನ ಕಳೆದಂತೆ ಅವಳ ಕನಸುಗಳು ನನ್ನವೂ ಆದವು. ತರಗತಿಯಲ್ಲಿ ತೂಕಡಿಸಿದಾಗ ನನ್ನ ಕಪ್ಪು ಹಲಗೆಯ ಮೇಲೂ ಉಣ್ಣೆ ಬೀಳುತ್ತಿತ್ತು. ಭೀಮರಾಯನನ್ನು ನಾನು ನೋಡಿಯೇ ಇರಲಿಲ್ಲ, ಆದರೂ ಅವನು ಬರಲಿ ಎಂದು ನಾನೂ ಕಾಯತೊಡಗಿದೆ.

ಅದೇ ನಾನೇ ಅವನು ಬರದಿದ್ದರೂ ನಡೆದೀತು ಎಂದುಕೊಂಡದ್ದೂ ಉಂಟು. ಅಮೋಗಸಿದ್ದನನ್ನು ಕಂಡಾಗ. ಅಮೋಗಸಿದ್ದ ಕಂಬಳಿ ನೇಯುವವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಕೈಗೆ ಯಾವಾಗಲೂ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ. ಉಣ್ಣೆ ಕತ್ತರಿಸುವ ಕಾಲಕ್ಕೆ ಹಾಲವ್ವನ ಹಟ್ಟಿಗೆ ಬಂದು, ತೂಕ ಹಾಕಿಸಿಕೊಂಡು, ಬಾಯಿ ತೆರೆಯದೆ ಹೋಗುತ್ತಿದ್ದ. ಹಾಲವ್ವ ಕರಿಯ ಉಣ್ಣೆಯಲ್ಲಿ ಒಳ್ಳೆಯದನ್ನು ಬೇರೆ ತೆಗೆದು ಅವನಿಗೆಂದು ಇಡುತ್ತಿದ್ದಳು. ಇಟ್ಟದ್ದನ್ನು ಕೊಡುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ಅವನು ಹೋದ ಮೇಲೆ ಸುಮ್ಮಸುಮ್ಮನೆ ನಾಯಿಯನ್ನು ಬೈಯುತ್ತಿದ್ದಳು. ನನಗೆ ಮದುವೆಯಾಗಿಲ್ಲ ನಿಜ, ಕಣ್ಣಂತೂ ಇವೆ.

ಅವರ ಜನರಲ್ಲಿ ಉಡಕಿ ಉಂಟು. ಗಂಡ ಸತ್ತವಳಿಗೆ ಹಿರಿಯರು ಸೀರೆ ಉಡಿಸಿ ಇನ್ನೊಂದು ಮನೆಗೆ ಕೊಡುತ್ತಾರೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಏಳು ವರ್ಷ ಸುದ್ದಿಯಿಲ್ಲದವನನ್ನು ಸರಕಾರವೂ ಸತ್ತವನೆಂದೇ ಎಣಿಸುತ್ತದೆ. ಆ ಏಳು ತುಂಬಿದ ಮೇಲೆ ಹಿರಿಯರು ಅಮೋಗಸಿದ್ದನನ್ನು ಕರೆದುಕೊಂಡು ಗೊಲ್ಲಾಳಪ್ಪನ ಮನೆಗೆ ಬಂದರು. ಹಾಲವ್ವ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಿದ್ದರಿಂದ ನಾನು ಗೋಡೆಯ ಈಚೆ ಕೂತು ಎಲ್ಲ ಕೇಳಿದೆ. ಉಡಕಿಗೆ ಮೊದಲು ಬಳೆ ಒಡೆಯಬೇಕು, ಭೀಮರಾಯ ತೀರಿಕೊಂಡನೆಂದು ಮನೆಯವರು ಬಾಯಿಬಿಟ್ಟು ಹೇಳಬೇಕು, ಅಷ್ಟೇ ಎಂದರು ಹಿರಿಯರು. ಹುಡುಗಿಯ ವಯಸ್ಸು ಹೋಗುತ್ತದೆ ಎಂದರು. ಗೊಲ್ಲಾಳಪ್ಪ ಯಾವುದಕ್ಕೂ ಎದುರಾಡಲಿಲ್ಲ. ಹಾಲವ್ವನಿಗೆ ಒಳ್ಳೆಯದಾಗುವುದಾದರೆ ತನ್ನದೇನೂ ಅಡ್ಡಿಯಿಲ್ಲ, ಆದರೆ ತನ್ನ ಮಗ ಇದ್ದಾನೆ, ಇದ್ದವನ ಹೆಂಡತಿಗೆ ಉಡಕಿ ಹೇಗೆ ಎಂದು ಕೇಳಿದ. ತಾನೂ ಹೀಗೇ ಸತ್ತವನಾಗಿದ್ದೆನಲ್ಲ ಎಂದ. ಬಂದ ಹಿರಿಯರಲ್ಲಿ ಇಬ್ಬರು ಮಲಕವ್ವನ ಬಳೆ ಒಡೆಸಿದವರು.

ಕೊನೆಗೆ ಹಿರಿಯರು ಹಾಲವ್ವನನ್ನೇ ಕೇಳಿದರು. ಅವಳು ನನ್ನ ಕೈ ಬಿಟ್ಟು ಎದ್ದಳು.

“ಸಿಗತಾನ ಅಂತ ಆ ಮಾತ ಹೇಳತದಲ್ರಿ,” ಎಂದಳು ಬಾಗಿಲ ಹಿಂದಿನಿಂದ. “ನಾ ಹೋದ ಮ್ಯಾಲ ಸಿಕ್ಕರ?”

ಅಮೋಗಸಿದ್ದ ಎದ್ದು, ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಹೊರಟುಹೋದ. ಆ ದಿನ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಮಂತ್ರದ ಮೇಲೆ ಇರಬೇಕು.

ಬರಗಾಲ ಕಳೆದ ಮರುವರ್ಷ, ಎಪ್ಪತ್ತನಾಲ್ಕರಲ್ಲಿ, ಉಳಿದ ಕುರಿಗಳ ತಳಿ ನೋಡಿ ಬರೆದುಕೊಳ್ಳಲು ಸರಕಾರದ ಕುರಿ ಡಾಕ್ಟರರೊಬ್ಬರು ಉಮದಿಯಲ್ಲಿ ಬಂದು ಇಳಿದರು. ಹೆಸರು ಕಾಯತಾನ, ಗೋವೆಯವರು. ಹುಡುಗರಾಗಿದ್ದಾಗ ಪಾದ್ರಿಯಾಗಲು ಮಠದ ಶಾಲೆಗೆ ಸೇರಿ, ಅಲ್ಲಿಂದ ಓಡಿಬಂದು ದನದ ಡಾಕ್ಟರಾದವರಂತೆ. ಜನರ ಪಾಪ ಕೇಳುವುದಕ್ಕಿಂತ ಕುರಿಯ ಹೊಟ್ಟೆ ನೋಡುವುದು ಸುಲಭ ಎಂದು ನಗುತ್ತಿದ್ದರು. ಮರಾಠಿಯನ್ನು ಕೊಂಕಣಿಯ ಹಾಗೆ ಎಳೆದು ಮಾತಾಡುತ್ತಿದ್ದರು. ನಮ್ಮ ಊರಿನ ಕುರಿಗಳ ಬಗ್ಗಿದ ಮೂಗಿನ ಮೇಲೆ ಅವರಿಗೆ ಬಹಳ ಪ್ರೀತಿ.

ಅವರು ಗೊಲ್ಲಾಳಪ್ಪನ ಹಟ್ಟಿಗೆ ಬಂದ ದಿನ ರವಿವಾರ, ಹಾಗಾಗಿ ನಾನೂ ಅಲ್ಲೇ ಇದ್ದೆ. ಹಾಲವ್ವ ಒಂದು ಮರಿಯನ್ನು ತೊಡೆಯ ನಡುವೆ ಹಿಡಿದಿದ್ದಳು. ಡಾಕ್ಟರು ಸೂಜಿ ಎತ್ತಿದರು. ಗೊಲ್ಲಾಳಪ್ಪ ರೂಢಿಯಂತೆ ಮರಿಯ ತಲೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಮಿಳತೊ, ಮಿಳತಾಸ ಎಂದು ಶುರುಮಾಡಿದ. ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. ಮೂರನೆಯ ಮಾತಿಗೆ ಅವರ ದನಿ ಸೇರಿತು. ಮಿಲಿತಾತ್. ನಾಲ್ಕನೆಯದಕ್ಕೆ ಇಬ್ಬರೂ ಒಂದೇ ಲಯದಲ್ಲಿ ತೂಗುತ್ತಿದ್ದರು, ಮಿಲಿತಾಮುಸ್, ಮಿಲಿತಾತಿಸ್, ಮಿಲಿತಾಂತ್. ಒಬ್ಬ ಮುದುಕ, ಒಬ್ಬ ಬೊಕ್ಕತಲೆಯ ಸಾಹೇಬ. ನಮ್ಮ ಮೂರನೆಯ ಇಯತ್ತೆಯ ಹುಡುಗರು ಹೇಗೆ ತೂಗುತ್ತಾರೋ ಹಾಗೆಯೇ. ಆಗ ನನ್ನ ತಲೆಯಲ್ಲಿ ಏನೋ ಜಾರಿ ತನ್ನ ಜಾಗಕ್ಕೆ ಬಿತ್ತು. ಇದು ಮಂತ್ರ ಅಲ್ಲ, ಪಾಠ.

ಗೊಲ್ಲಾಳಪ್ಪನಿಗೆ ಆಶ್ಚರ್ಯಕ್ಕಿಂತ ಸಂತೋಷವೇ ಹೆಚ್ಚಾಯಿತು. ಆ ಪಾದ್ರಿ ನಿಮಗೆ ಗೊತ್ತೇ ಎಂದು ಕೇಳಿದ. ಡಾಕ್ಟರು ಬಿಡಿಸಿ ಹೇಳಿದರು. ಇದು ಲ್ಯಾಟಿನ್, ಹಿಂದಿನ ಕಾಲದ ರೋಮಿನವರ ಮಾತು. ಪಾದ್ರಿಗಳ ಶಾಲೆಯಲ್ಲಿ ಎಲ್ಲ ಹುಡುಗರೂ ಹೀಗೆಯೇ ಕಲಿಯುತ್ತಾರೆ. ಇದೊಂದು ಕ್ರಿಯಾಪದ. ಮಿಲಿತೊ ಎಂದರೆ ನಾನು ದಂಡಿನ ಚಾಕರಿ ಮಾಡುತ್ತೇನೆ. ಮಿಲಿತಾಸ್, ನೀನು ಮಾಡುತ್ತೀಯೆ. ಮಿಲಿತಾತ್, ಅವನು ಮಾಡುತ್ತಾನೆ. ಆಮೇಲೆ ನಾವು, ನೀವು, ಅವರು. ಅಷ್ಟೇ.

ಹಾಲವ್ವ ಮರಿಯನ್ನು ಬಿಟ್ಟಳು. ಅದು ಎದ್ದು ತಾಯಿಯ ಕಡೆ ಓಡಿತು.

“ಮಿಳತೊ ಅಂದ್ರ ಸಿಗತಾನ ಅಂತ ಅಲ್ಲೇನ್ರಿ?” ಎಂದು ಕೇಳಿದಳು.

ಡಾಕ್ಟರಿಗೆ ಅವಳ ಕಥೆ ಗೊತ್ತಿರಲಿಲ್ಲ. ಅದು ಮರಾಠಿ, ಇದು ಬೇರೆ ಎಂದು ನಗುತ್ತಲೇ ಹೇಳಿದರು. ನಾನು ಕಣ್ಣಿನಲ್ಲೇ ಬೇಡ ಬೇಡ ಎಂದದ್ದು ಅವರಿಗೆ ತಡವಾಗಿ ಕಂಡಿತು.

ಆ ಮೇಲಿನ ದಿನಗಳಲ್ಲಿ ಹಾಲವ್ವ ಬೇವಿನ ಬುಡಕ್ಕೆ ಬರುತ್ತಿದ್ದಳು, ಕೂರುತ್ತಿದ್ದಳು, ಕನಸು ಮಾತ್ರ ಹೇಳುತ್ತಿರಲಿಲ್ಲ. ಕೇಳಿದರೆ ಬೀಳುವುದಿಲ್ಲ ಎನ್ನುತ್ತಿದ್ದಳು. ನನಗೆ ಬಹಳ ದುಃಖವಾಯಿತು. ಅವಳಿಗೆ ಇದ್ದದ್ದು ಅದೊಂದು ಬೆಚ್ಚಗಿನ ಬರ್ಫ. ಅದನ್ನೂ ವ್ಯಾಕರಣ ಕರಗಿಸಿತು. ಗೊಲ್ಲಾಳಪ್ಪ ಮಾತ್ರ ಬದಲಾಗಲಿಲ್ಲ. ಮಂತ್ರವಾದರೇನು, ಪಾಠವಾದರೇನು, ತನ್ನನ್ನು ಉಳಿಸಿದ್ದು ಸುಳ್ಳೇ ಎಂದು ನನ್ನನ್ನೇ ಕೇಳಿದ. ಮಗನನ್ನೂ ಅದು ಹೀಗೆಯೇ ಎಲ್ಲೋ ಅಟ್ಟದ ಮೇಲೆ ಮಲಗಿಸಿದೆ ಎಂದ.

ಒಂದು ಸಂಜೆ ಹಾಲವ್ವ ತಾನಾಗಿಯೇ ಬಾಯಿ ಬಿಟ್ಟಳು. ಹಿಂದಿನ ದಿನ ಮತ್ತೆ ಕನಸು ಬಿದ್ದಿತ್ತು. ಅದೇ ಅಟ್ಟ, ಅದೇ ಉಣ್ಣೆ. ಭೀಮರಾಯ ಅವಳಿಗೆ ಬೆನ್ನು ಮಾಡಿ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟ, ಇನ್ನೊಂದನ್ನು ಬಿಚ್ಚಿ ಅದರ ಜೊತೆ ಸಾಲಾಗಿ ಇಟ್ಟ. ಕಾಲು ಚಾಚಿದ. ಮಿಳತೊ ಎನ್ನಲಿಲ್ಲ, ಅವಳ ಕಡೆ ನೋಡಲೂ ಇಲ್ಲ. ದಣಿದವರು ಮಲಗುವ ಹಾಗೆ ಮಲಗಿಬಿಟ್ಟ. ಅವಳು ಕರೆಯಬೇಕೆಂದು ಬಾಯಿ ತೆರೆದಳು, ಆದರೆ ಅಷ್ಟು ಚೆನ್ನಾಗಿ ನಿದ್ದೆ ಹತ್ತಿದವನನ್ನು ಎಬ್ಬಿಸಲು ಮನಸ್ಸಾಗಲಿಲ್ಲವಂತೆ.

“ನನಗೂ ಅವನ ಮಗ್ಗಲಕ ಕುಂತು ಕಾಲ ಚಾಚಬೇಕನಿಸ್ತು ಬಾಯಾರ. ಎಷ್ಟು ದಿನದಿಂದ ನಿಂತ ಅದೀನಿ ನಾ.”

ಅವಳ ಕೈ ಹಿಡಿದುಕೊಂಡೆ. ಆ ಸಾಹೇಬರು ಮತ್ತೆ ಯಾವಾಗ ಬರುತ್ತಾರೆ ಎಂದು ಕೇಳಿದಳು.

ಮುಂದಿನ ರವಿವಾರ ಡಾಕ್ಟರು ಬಂದಾಗ ಗೊಲ್ಲಾಳಪ್ಪ ಹಟ್ಟಿಯ ಬಾಗಿಲಲ್ಲಿ ಕೂತು ಕದಿರಿನಿಂದ ಉಣ್ಣೆ ನೂಲುತ್ತಿದ್ದ. ಡಾಕ್ಟರಿಗೆ ಅಷ್ಟರಲ್ಲಿ ನಾನು ಎಲ್ಲ ಹೇಳಿದ್ದೆ. ಅವರು ಹಾಲವ್ವನ ಮುಖ ನೋಡಲು ಹಿಂಜರಿಯುತ್ತಿದ್ದರು. ಹಾಲವ್ವನೇ ಮುಂದೆ ಬಂದು ನಿಂತಳು. ತಾನು ಓದಿದವಳಲ್ಲ, ತಪ್ಪಿದರೆ ತಿದ್ದಬೇಕು ಎಂದು, ಆ ಆರು ಮಾತನ್ನು ಬೆರಳು ಮಡಿಸುತ್ತ ಹೇಳಿದಳು. ನಾನು ದಂಡಿನ ಚಾಕರಿ ಮಾಡುತ್ತೇನೆ, ನೀನು ಮಾಡುತ್ತೀಯೆ, ಅವನು ಮಾಡುತ್ತಾನೆ. ಸರಿಯೇ? ಡಾಕ್ಟರು ಸರಿ ಎಂದರು. ಇದು ನಡೆಯುತ್ತಿರುವ ಚಾಕರಿ ಅಲ್ಲವೇ? ಹೌದು ಎಂದರು.

“ಚಾಕ್ರಿ ಮುಗಿಸಿದವರು ಏನಂತಾರ್ರಿ ಸಾಹೇಬ್ರ, ಆ ಮಾತಿನ್ಯಾಗ?”

ಡಾಕ್ಟರು ನನ್ನ ಕಡೆ ಒಮ್ಮೆ ನೋಡಿದರು. ಮಿಲಿತಾವಿ ಎಂದರು. ನಾನು ದಂಡಿನ ಚಾಕರಿ ಮಾಡಿದೆ, ಮಾಡಿ ಮುಗಿಸಿದೆ ಎಂದು ಅದರ ಅರ್ಥ. ಮಿಲಿತಾವಿ, ಮಿಲಿತಾವಿಸ್ತಿ, ಮಿಲಿತಾವಿತ್; ಮಾಡಿದೆ, ಮಾಡಿದಿ, ಮಾಡಿದ. ಮೆಲ್ಲಗೆ, ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದರು.

ಹಾಲವ್ವ ಇನ್ನೊಂದು ಕೇಳಿದಳು. ಮರಾಠಿಯಲ್ಲಿ ಗಂಡಸು ಬಂದರೆ ಆಲೊ ಎನ್ನುತ್ತಾನೆ, ಹೆಂಗಸು ಆಲೆ ಎನ್ನುತ್ತಾಳೆ. ಈ ಮಾತನ್ನು ಹೆಂಗಸು ಹೇಳಿದರೆ ಏನಾಗುತ್ತದೆ? ಡಾಕ್ಟರು ಯೋಚಿಸಿದರು. ಅವರು ಕಲಿತ ಶಾಲೆಯಲ್ಲಿ ಈ ಕ್ರಿಯಾಪದವನ್ನು ಯಾವ ಹೆಂಗಸೂ ಹೇಳಿರಲಿಲ್ಲ. ಆಮೇಲೆ ತಲೆಯಲ್ಲಾಡಿಸಿ, ಏನೂ ಬದಲಾಗುವುದಿಲ್ಲ, ಗಂಡಸಿಗೂ ಹೆಂಗಸಿಗೂ ಅದೇ ಮಾತು ಎಂದರು. ಕನ್ನಡದಲ್ಲೂ ಹಾಗೆಯೇ ಎಂದೆ ನಾನು. ಮಾಡಿದೆ ಎಂದು ಯಾರು ಬೇಕಾದರೂ ಅನ್ನಬಹುದು.

ಹಾಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮಾವನ ಮುಂದೆ ಹೋಗಿ ಕೂತಳು. ಅವಳು ಮಾವನ ಎದುರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

“ಮಾವ,” ಎಂದಳು. “ಮಿಲಿತಾವಿ.”

ಕದಿರು ನಿಂತಿತು.

“ನನ್ನ ಕೈಲೆ ಆದಷ್ಟು ಮಾಡೇನ್ರಿ ಮಾವ. ಇನ್ನ ಆಗೂದಿಲ್ಲ.”

ಗೊಲ್ಲಾಳಪ್ಪ ಅವಳನ್ನೇ ನೋಡುತ್ತ ಕೂತ. ಬೈಯುತ್ತಾನೋ, ಎದ್ದು ಒಳಗೆ ಹೋಗುತ್ತಾನೋ ಎಂದು ನಾನು ಹೆದರಿದೆ. ಅವನ ಕಣ್ಣು ಮೆಲ್ಲಗೆ ಮುಚ್ಚಿದವು. ತುಟಿ ಅಲುಗಿತು. ಅವನು ಎಲ್ಲಿಗೆ ಹೋದ ಎಂದು ನನಗೆ ಗೊತ್ತಾಯಿತು. ಹುಲ್ಲಿನ ಮೇಲೆ ಮಲಗಿದ್ದ, ಕೆಳಗೆ ಹುಡುಗರು ಪಾಠ ಒಪ್ಪಿಸುತ್ತಿದ್ದರು. ಅವರು ಆರೇ ಮಾತು ಕಲಿತು ನಿಲ್ಲಿಸಿರಲಿಕ್ಕಿಲ್ಲ. ಚಳಿಗಾಲ ಪೂರ್ತಿ ಕಲಿತಿದ್ದರು. ಉಳಿದದ್ದು ಅವನೊಳಗೆ ಎಲ್ಲೋ ಬಿದ್ದಿತ್ತು.

“ಮಿಲಿತಾವಿಸ್ತಿ,” ಎಂದ ಗೊಲ್ಲಾಳಪ್ಪ.

ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಡಾಕ್ಟರು ಹೇಳಿದ್ದು ಅವನವರೆಗೆ ಕೇಳಿರಲಿಲ್ಲ. ಮಾಡಿದಿ. ನೀನು ಮಾಡಿ ಮುಗಿಸಿದಿ. ಹಾಲವ್ವನ ಹೆಗಲು ಇಳಿದವು, ಹೊತ್ತದ್ದನ್ನು ಇಳಿಸಿದವರ ಹಾಗೆ. ಅವಳು ಅಳತೊಡಗಿದಳು.

ಆದರೆ ಈ ರಾಗಕ್ಕೆ ಒಂದು ಹಟ ಇದೆ. ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ ನನಗೆ ಅದು ಗೊತ್ತು. ಒಂದು, ಎರಡು ಎಂದಮೇಲೆ ನಾಲಿಗೆ ಮೂರಕ್ಕೆ ತಾನಾಗಿಯೇ ಹೋಗುತ್ತದೆ. ಮೊದಲನೆಯದು ನಾನು, ಎರಡನೆಯದು ನೀನು. ಮೂರನೆಯದು ಅಲ್ಲಿ ಇಲ್ಲದವನು. ಗೊಲ್ಲಾಳಪ್ಪ ಎರಡಕ್ಕೇ ನಿಲ್ಲಿಸಿದ್ದ. ಡಾಕ್ಟರು ಮುಂದಿನದನ್ನು ಹೇಳಿಕೊಡಲು ಬಾಯಿ ತೆರೆದರು, ನಾನು ಅವರ ತೋಳು ಹಿಡಿದೆ. ಕುರಿಗಳು ನಮ್ಮ ಸುತ್ತ ನಿಂತು ಮೆಲುಕು ಹಾಕುತ್ತಿದ್ದವು. ಅವುಗಳ ಮುಖಗಳನ್ನು ಮುದುಕ ಒಂದೊಂದಾಗಿ ನೋಡಿದ.

“ಮಿಲಿತಾವಿತ್,” ಎಂದ.

ಅದರ ಅರ್ಥವನ್ನು ಯಾರೂ ಯಾರಿಗೂ ಹೇಳಲಿಲ್ಲ. ಆಮೇಲೆ ಅವನು ಹಾಲವ್ವನ ಎರಡೂ ಕೈಗಳನ್ನು ಬಳೆಗಳ ಮೇಲಿನಿಂದಲೇ ಹಿಡಿದುಕೊಂಡ. ಯಾರೂ ಅವನ್ನು ಒಡೆಯಬಾರದು, ಈ ಬಳೆಯ ಕೈಯಲ್ಲೇ ಅವಳು ಹೋಗಬೇಕು, ಹಿರಿಯರಿಗೆ ತಾನು ಹೇಳುತ್ತೇನೆ ಎಂದ. ಅಮೋಗಸಿದ್ದನ ಮನೆಗೆ ತಾನೇ ಹೋಗುತ್ತೇನೆ ಎಂದ. ಕೋಲಿಗೆ ಕೈ ಚಾಚಿದ. ನಾನು ಕೋಲು ಕೊಟ್ಟೆ. ಎದ್ದು ನಿಂತು ನನ್ನ ಕಡೆ ತಿರುಗಿದ.

“ನನ್ನ ಮಗ ಭಾಳ ಚಲೋ ಹುಡುಗ ಇದ್ದ, ಬಾಯಾರ,” ಎಂದ.